ಗಟ್ಟಿ ಖಂಡ ಮೆತ್ತಗಾಗುವ ಬಗೆ: ಮೆಡಿಟರೇನಿಯನ್ ಸ್ಟ್ಯೂ ನಮ್ಮ ಒಲೆಯ ಮೇಲೆ

ಇಂಟರ್‌ನೆಟ್ಟಿನಲ್ಲಿ ಸಿಗುವ ಬೀಫ್ ಸ್ಟ್ಯೂ ರೆಸಿಪಿಗಳಲ್ಲಿ ‘ಒಂದೂವರೆ ತಾಸು ಬೇಯಿಸಿ’ ಎಂದು ಬರೆದಿರುತ್ತದೆ. ಬೆಳಗಾವಿಯಲ್ಲೋ ವಿಜಯಪುರದಲ್ಲೋ ಅದನ್ನೇ ನಂಬಿ ಒಲೆ ಹಚ್ಚಿದವರಿಗೆ ಒಂದೂವರೆ ತಾಸಿನ ನಂತರ ಸಿಗುವುದು ರಬ್ಬರಿನಂಥ ತುಂಡುಗಳು. ತಪ್ಪು ಅಡಿಗೆ ಮಾಡಿದವರದ್ದಲ್ಲ. ಆ ರೆಸಿಪಿ ಬರೆದದ್ದೇ ಬೇರೆ ಪ್ರಾಣಿಗೆ.

ಯುರೋಪಿನ ಅಂಗಡಿಯಲ್ಲಿ ಸಿಗುವ ಬೀಫ್ ಹೆಚ್ಚಾಗಿ ಎರಡು ವರ್ಷದ ಆಸುಪಾಸಿನ, ಮಾಂಸಕ್ಕೆಂದೇ ಸಾಕಿದ ದನದ್ದು. ನಮ್ಮಲ್ಲಿ ಹಾಗಲ್ಲ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣೆ ಕಾಯ್ದೆಯ ಪ್ರಕಾರ ಆಕಳು, ಕರು, ಎತ್ತು, ಹೋರಿಗಳ ವಧೆ ಪೂರ್ತಿ ನಿಷಿದ್ಧ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರ ಇದ್ದಾಗ ಮಾತ್ರ, ಅವಕಾಶವಿದೆ. ಅಂದರೆ ಇಲ್ಲಿ ಕಾನೂನಿನ ಒಳಗೆ ಬೀಫ್ ಎಂದು ಸಿಗುವುದು ವಯಸ್ಸಾದ ಎಮ್ಮೆಯ ಖಂಡ. ಅದರ ಬಣ್ಣ ಕಪ್ಪುಗೆಂಪು, ಕೊಬ್ಬು ಬೆಳ್ಳಗೆ, ಎಳೆಗಳ ನಡುವೆ ಕೊಬ್ಬು ಕಡಿಮೆ, ನಾರು ಹೆಚ್ಚು. ಹುರಿದು ತಿನ್ನಲು ಇದು ಒಳ್ಳೆಯ ಖಂಡವಲ್ಲ. ಸ್ಟ್ಯೂಗೆ ಮಾತ್ರ ಇದಕ್ಕಿಂತ ಹೊಂದುವ ಖಂಡ ಸಿಗುವುದು ಕಷ್ಟ. ಗ್ರೀಸಿನ ಸ್ಟಿಫಾಡೊ, ದಕ್ಷಿಣ ಫ್ರಾನ್ಸಿನ ದೋಬ್, ಇಟಲಿಯ ಪೆಪೋಸೊ ಇವೆಲ್ಲ ಬಡವರು, ಕೂಲಿಕಾರರು ಗಟ್ಟಿ ತುಂಡುಗಳನ್ನು ತಿನ್ನುವಂತೆ ಮಾಡಿಕೊಂಡ ಅಡಿಗೆಗಳೇ. ನಾವು ಮಾಡಬೇಕಾದದ್ದು ಇಷ್ಟೇ: ಗಡಿಯಾರ ನೋಡಿ ಒಲೆ ಆರಿಸಬಾರದು, ಖಂಡ ನೋಡಿ ಆರಿಸಬೇಕು.

ಬೀಫ್ ತಿನ್ನದವರೂ ಮುಂದೆ ಓದಬಹುದು. ಇದೇ ಕ್ರಮ ಕುರಿ, ಟಗರಿನ ಖಂಡಕ್ಕೆ ಹಾಗೇ ಹೊಂದುತ್ತದೆ, ಸಮಯ ಮಾತ್ರ ಹೆಚ್ಚುಕಡಿಮೆ ಅರ್ಧ. ಅಮೀನಗಡದ ಕುರಿ ಸಂತೆಯ ಸೀಮೆಯವರಿಗೆ ಒಳ್ಳೆಯ ಬಲಿತ ಕುರಿ ಹುಡುಕುವುದನ್ನು ಹೇಳಿಕೊಡಬೇಕಾಗಿಲ್ಲ.

ಯಾವ ತುಂಡು ಕೇಳಬೇಕು

ಅಂಗಡಿಯಲ್ಲಿ ‘ಒಂದು ಕೆಜಿ ಮೆತ್ತನ್ನ ಖಂಡ ಕೊಡ್ರಿ’ ಎಂದರೆ ಅಲ್ಲೇ ಸ್ಟ್ಯೂ ಕೆಟ್ಟಿತು. ಬೆನ್ನಿನ, ತೊಡೆಯ ಮೆತ್ತನೆಯ ಖಂಡದಲ್ಲಿ ನಾರು ಕಡಿಮೆ. ಮೂರು ತಾಸು ಬೆಂದರೆ ಅದು ಒಣಗಿದ ಹಗ್ಗದಂತೆ ಎಳೆ ಎಳೆಯಾಗುತ್ತದೆ. ಬೇಕಾದದ್ದು ಪ್ರಾಣಿ ನಡೆದಾಡಿದ, ಭಾರ ಹೊತ್ತ ಭಾಗ: ಮೊಣಕಾಲಿನ ಕೆಳಗಿನ ನಳ್ಳಿಯ ಸುತ್ತಲ ಖಂಡ, ಭುಜ, ಎದೆಯ ಭಾಗ. ನಿಹಾರಿಗೆ (ನಳ್ಳಿ ಖಂಡವನ್ನು ತಾಸುಗಟ್ಟಲೆ ಬೇಯಿಸುವ ಅಡಿಗೆ) ಯಾವ ಖಂಡ ಒಯ್ಯುತ್ತಾರೋ ಅದನ್ನೇ ಕೊಡಿ ಎಂದರೆ ಅಂಗಡಿಯವರಿಗೆ ತಕ್ಷಣ ತಿಳಿಯುತ್ತದೆ. ಒಂದು ಕೆಜಿ ಎಲುವಿಲ್ಲದ ಖಂಡದ ಜೊತೆ ಎರಡು ನಳ್ಳಿ ಎಲುವನ್ನೂ ಕಡಿಸಿ ತಂದರೆ ರಸಕ್ಕೆ ಮೈ ಬರುತ್ತದೆ.

ನಾರಿನಲ್ಲಿ ಎರಡು ಜಾತಿ ಇದೆ, ಇದನ್ನು ಗುರುತಿಸಲು ಕಲಿಯಬೇಕು. ಖಂಡದ ಒಳಗೆ ಬೆಳ್ಳಗೆ, ಅರೆಪಾರದರ್ಶಕವಾಗಿ ಹರಿದಿರುವುದು ಕೊಲಾಜೆನ್. ಅದು ಬೇಯುತ್ತ ಕರಗಿ ಜಿಲೆಟಿನ್ ಎಂಬ ಅಂಟು ರಸ ಆಗುತ್ತದೆ, ಅದನ್ನು ತೆಗೆಯಬಾರದು. ಕುತ್ತಿಗೆಯ ಕಡೆ ಸಿಗುವ ಹಳದಿ ಬಣ್ಣದ ದಪ್ಪ ನರ ಎಲಾಸ್ಟಿನ್. ಅದು ದಿನವಿಡೀ ಬೇಯಿಸಿದರೂ ಕರಗದು, ಚೂರಿಯಿಂದ ಕೆತ್ತಿ ಬಿಸಾಡಬೇಕು. ಹೊರಗಿನ ದಪ್ಪ ಪೊರೆಯನ್ನೂ ತೆಗೆಯುವುದು ಒಳ್ಳೆಯದು, ಬೆಂದಾಗ ಅದು ಕುಗ್ಗಿ ತುಂಡನ್ನೇ ಮುದುಡಿಸುತ್ತದೆ.

ತುಂಡುಗಳು 4ರಿಂದ 5 ಸೆಂ.ಮೀ. ದಪ್ಪ ಇರಲಿ, ಅಂದರೆ ದೊಡ್ಡ ನಿಂಬೆಹಣ್ಣಿನಷ್ಟು. ನಮ್ಮ ಸಾರಿಗೆ ಕಡಿಯುವ ಅಳತೆಯಲ್ಲಿ ಕಡಿಸಿದರೆ ಬೆಂದ ಮೇಲೆ ಶೇಂಗಾಕಾಳಿನಷ್ಟು ಉಳಿಯುತ್ತದೆ. ದೀರ್ಘ ಬೇಯುವಿಕೆಯಲ್ಲಿ ಖಂಡ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ಕಳೆದುಕೊಳ್ಳುತ್ತದೆ. ಒಂದು ಕೆಜಿ ಹಸಿ ಖಂಡ ಐದು ಮಂದಿಗೆ ಸಾಕು.

ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ಬೆಳಿಗ್ಗೆ ಕೊಯ್ದದ್ದನ್ನು ಬೆಳಿಗ್ಗೆಯೇ ಮಾರುತ್ತಾರೆ, ಮಧ್ಯಾಹ್ನಕ್ಕೆ ಒಲೆಯ ಮೇಲಿರುತ್ತದೆ. ಕೊಯ್ದ ಕೆಲವು ತಾಸಿನಲ್ಲಿ ಸ್ನಾಯು ಬಿಗಿದುಕೊಳ್ಳುತ್ತದೆ, ದೊಡ್ಡ ಪ್ರಾಣಿಗಳಲ್ಲಿ ಆ ಬಿಗಿ ಒಂದು ದಿನಕ್ಕೂ ಹೆಚ್ಚು ಇರುತ್ತದೆ. ಆದ್ದರಿಂದ ತಂದ ಖಂಡವನ್ನು ಒರೆಸಿ, ಕೆಜಿಗೆ ಎರಡು ಚಹಾ ಚಮಚ, ಅಂದರೆ ಸುಮಾರು 12 ಗ್ರಾಂ, ಪುಡಿ ಉಪ್ಪು ಸವರಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 24 ತಾಸು ಇಡಿ. ಉಪ್ಪು ನಿಧಾನಕ್ಕೆ ಒಳಗೆ ಇಳಿಯುತ್ತದೆ, ಬಿಗಿಯೂ ಸಡಿಲುತ್ತದೆ. ವಿನೆಗರ್, ವೈನ್, ಮಸಾಲೆಯಲ್ಲಿ ರಾತ್ರಿಯಿಡೀ ನೆನೆಸಿದರೂ ಅವು ಕೆಲವು ಮಿಲಿಮೀಟರ್ ಮಾತ್ರ ಒಳಗಿಳಿಯುತ್ತವೆ. ಒಳತನಕ ಹೋಗುವುದು ಉಪ್ಪೊಂದೇ. ಹಸಿ ಪಪ್ಪಾಯಿ ಅರೆದು ಹಚ್ಚುವ ರೂಢಿ ಸ್ಟ್ಯೂಗೆ ಬೇಡ. ಪಪ್ಪಾಯಿಯ ಕಿಣ್ವ ಚುರುಕಾಗುವುದು 60–70 ಡಿಗ್ರಿಯಲ್ಲಿ. ಪಾತ್ರೆ ನಿಧಾನ ಬಿಸಿಯಾಗುವಾಗ ಅದು ಖಂಡದ ಮೇಲ್ಭಾಗವನ್ನು ಹಿಟ್ಟಿನಂತೆ ಮಾಡಿಬಿಡುತ್ತದೆ, ಒಳಗಿನ ನಾರು ಇದ್ದಂತೆಯೇ ಇರುತ್ತದೆ.

ನೀರಿನಲ್ಲಿದ್ದೂ ಖಂಡ ಒಣಗುವುದು ಯಾಕೆ

ಇದು ಬಹಳ ಮಂದಿಯನ್ನು ಕಾಡುವ ಪ್ರಶ್ನೆ. ಉತ್ತರ ತಿಳಿದರೆ ಸ್ಟ್ಯೂ ಅರ್ಧ ಕಲಿತಂತೆ. ಖಂಡದಲ್ಲಿ ಎರಡು ವಸ್ತು ಒಟ್ಟಿಗೆ ಬೇಯುತ್ತಿರುತ್ತವೆ, ಎರಡಕ್ಕೂ ಬೇಕಾದದ್ದು ಬೇರೆ ಬೇರೆ. ಸ್ನಾಯುವಿನ ಎಳೆಗಳು 60 ಡಿಗ್ರಿ ದಾಟುತ್ತಿದ್ದಂತೆ ಹಿಂಡಿದ ಅರಿವೆಯಂತೆ ಕುಗ್ಗಿ ತಮ್ಮ ನೀರನ್ನು ಹೊರಗೆ ಚೆಲ್ಲುತ್ತವೆ. ಆ ಎಳೆಗಳನ್ನು ಕಟ್ಟಿಹಿಡಿದಿರುವ ಕೊಲಾಜೆನ್ ಮಾತ್ರ 70 ಡಿಗ್ರಿ ದಾಟಿದ ಮೇಲೆ, ಅದೂ ತಾಸುಗಟ್ಟಲೆ, ನಿಧಾನಕ್ಕೆ ಕರಗುತ್ತದೆ. ಹಾಗಾಗಿ ಒಂದು ತಾಸಿಗೆ ಖಂಡ ಅತ್ಯಂತ ಗಟ್ಟಿ: ನೀರು ಹೋಗಿದೆ, ನಾರು ಕರಗಿಲ್ಲ. ಇದೇ ಹೊತ್ತಿನಲ್ಲಿ ಹಲವರು ‘ಕೆಟ್ಟಿತು’ ಎಂದು ಒಲೆ ಆರಿಸುತ್ತಾರೆ. ಮುಂದುವರಿಸಿದರೆ ಕೊಲಾಜೆನ್ ಕರಗಿ ಜಿಲೆಟಿನ್ ಆಗುತ್ತದೆ, ಎಳೆಗಳು ಬಿಡಿಸಿಕೊಳ್ಳುತ್ತವೆ, ಜಿಲೆಟಿನ್ ಎಳೆಗಳಿಗೆ ಎಣ್ಣೆ ಹಚ್ಚಿದಂತೆ ಹತ್ತಿಕೊಂಡು ಬಾಯಲ್ಲಿ ರಸವಿದ್ದಂತೆ ಅನಿಸುತ್ತದೆ. ಕಳೆದ ನೀರು ತಿರುಗಿ ಬರುವುದಿಲ್ಲ. ಆ ಜಾಗವನ್ನು ಜಿಲೆಟಿನ್ ತುಂಬುತ್ತದೆ.

ಪ್ರಾಣಿಗೆ ವಯಸ್ಸಾದಂತೆ ಕೊಲಾಜೆನ್ ಎಳೆಗಳ ನಡುವಿನ ಕಟ್ಟು ಬಿಗಿಯಾಗುತ್ತ ಹೋಗುತ್ತದೆ. ಅದಕ್ಕೇ ಯುರೋಪಿನ ಒಂದೂವರೆ–ಎರಡು ತಾಸು ನಮ್ಮ ಎಮ್ಮೆಯ ಖಂಡಕ್ಕೆ ಮೂರೂವರೆಯಿಂದ ನಾಲ್ಕೂವರೆ ತಾಸು ಆಗುತ್ತದೆ.

ಕೊತಕೊತ ಕುದಿಸಿದರೆ ಬೇಗ ಆಗುವುದಿಲ್ಲವೇ? ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಉರಿ ಎಷ್ಟೇ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಹೆಚ್ಚುವುದು ಕುಣಿತ ಮಾತ್ರ. ಆ ಕುಣಿತದಲ್ಲಿ ತುಂಡುಗಳು ಒಂದಕ್ಕೊಂದು ಬಡಿದು ಅಂಚು ಸವೆಯುತ್ತವೆ, ಕೊಬ್ಬು ರಸದಲ್ಲಿ ಕಲಸಿ ಬಗ್ಗಡವಾಗುತ್ತದೆ, ಎಳೆಗಳು ಇನ್ನಷ್ಟು ಬಿಗಿಯುತ್ತವೆ. ಬೇಕಾದದ್ದು 85ರಿಂದ 93 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಕಣ್ಣೇ ಸಾಕು: ಒಂದು ಕ್ಷಣಕ್ಕೆ ಒಂದೋ ಎರಡೋ ಗುಳ್ಳೆ, ಅದೂ ಪಾತ್ರೆಯ ಒಂದು ಮೂಲೆಯಲ್ಲಿ, ಎದ್ದು ಒಡೆಯಬೇಕು.

ಪಾತ್ರೆ

ತಳ ದಪ್ಪವಿರುವ ಸ್ಟೀಲ್ ಪಾತ್ರೆ ಸಾಕು. ಮನೆಯಲ್ಲಿರುವ ಬೋಗಾಣಿಯ ತಳ ತೆಳ್ಳಗಿದ್ದರೆ ರೊಟ್ಟಿ ಬಡಿದು ಬೇಯಿಸುವ ಕಬ್ಬಿಣದ ಹಂಚನ್ನು ಒಲೆಯ ಮೇಲಿಟ್ಟು, ಅದರ ಮೇಲೆ ಬೋಗಾಣಿ ಇಡಿ. ಉರಿ ಒಂದೇ ಕಡೆ ಬಡಿಯುವುದು ತಪ್ಪುತ್ತದೆ, ತಳ ಹತ್ತುವುದಿಲ್ಲ. ಸಣ್ಣ ಬರ್ನರ್ ಬಳಸಿ. ಟೊಮೆಟೊ, ವಿನೆಗರ್ ಬೀಳುವ ಅಡಿಗೆಯಾದ್ದರಿಂದ ಜರ್ಮನ್ (ಅಲ್ಯೂಮಿನಿಯಂ) ಪಾತ್ರೆ ಮತ್ತು ಕಲಾಯಿ ಹೋದ ಹಿತ್ತಾಳೆ ಬೇಡ, ಹುಳಿ ಲೋಹವನ್ನು ಕೆರೆದು ರಸಕ್ಕೆ ಬೆರೆಸುತ್ತದೆ. ಬರೀ ಕಬ್ಬಿಣದ ಕಡಾಯಿಯಲ್ಲೂ ರಸ ಕಪ್ಪಾಗಿ ರುಚಿ ಕೆಡುತ್ತದೆ.

ಮಣ್ಣಿನ ಪಾತ್ರೆ ಸಿಕ್ಕರೆ ಅದೇ ಎಲ್ಲಕ್ಕಿಂತ ಮೇಲು. ಖಾನಾಪುರದ ಕಡೆಯ ದಪ್ಪ ಗಡಿಗೆ ಬಿಸಿಯನ್ನು ನಿಧಾನಕ್ಕೆ ಹೀರಿ ನಿಧಾನಕ್ಕೆ ಬಿಡುತ್ತದೆ, ಸ್ಟ್ಯೂಗೆ ಬೇಕಾದದ್ದು ಅದೇ ಗುಣ. ಹೊಸ ಗಡಿಗೆಯನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಒಣಗಿಸಿ, ಮೊದಲ ಸಲ ಗಂಜಿ ಕುದಿಸಿ ಚೆಲ್ಲಬೇಕು. ಬಿಸಿ ಗಡಿಗೆಗೆ ತಣ್ಣೀರು ಸುರಿದರೆ ಸೀಳುತ್ತದೆ. ಅಲಂಕಾರಕ್ಕೆ ಮಾರುವ, ಬಣ್ಣದ ಮೆರುಗು ಹಚ್ಚಿದ ಕುಂಡಗಳಲ್ಲಿ ಅಡಿಗೆ ಮಾಡಬೇಡಿ. ಮೆರುಗಿನಲ್ಲಿ ಸೀಸ ಇರಬಹುದು.

ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತಿ ಮುಚ್ಚುವ ಪದ್ಧತಿ ದಮ್ ಬಿರಿಯಾನಿಯಲ್ಲಿದ್ದಂತೆ ಫ್ರಾನ್ಸಿನ ದೋಬ್‌ನಲ್ಲೂ ಇದೆ. ಇದಕ್ಕೆ ಗೋಧಿಯ ಕಣಕವೇ ಬೇಕು. ಜೋಳದ ಹಿಟ್ಟಿನಲ್ಲಿ ಜಿಗುಟಿಲ್ಲ, ಒಣಗಿದ ಕೂಡಲೇ ಬಿರುಕು ಬಿಡುತ್ತದೆ.

ಸ್ಟಿಫಾಡೊ, ಹಂತ ಹಂತವಾಗಿ

ಮೊದಲ ಸಲ ಮಾಡುವವರು ಸ್ಟಿಫಾಡೊದಿಂದಲೇ ಆರಂಭಿಸಲಿ ಎನ್ನುತ್ತೇವೆ. ಕಾರಣ ಸರಳ: ಇದರ ಜೀವ ಉಳ್ಳಾಗಡ್ಡಿ. ಖಂಡದಷ್ಟೇ ತೂಕದ ಇಡೀ ಉಳ್ಳಾಗಡ್ಡಿ ಬೀಳುತ್ತದೆ. ಬಾಗಲಕೋಟೆ ಸೀಮೆಯಲ್ಲಿ ಉಳ್ಳಾಗಡ್ಡಿಗೆ ಏನು ಬರ? ಸಂತೆಯಲ್ಲಿ ಸಣ್ಣವೆಂದು ಬೇರೆ ಗುಡ್ಡೆ ಹಾಕಿ ಅಗ್ಗಕ್ಕೆ ಮಾರುತ್ತಾರಲ್ಲ, ಅವೇ ಬೇಕು, ಅಡಕೆಗಿಂತ ತುಸು ದೊಡ್ಡವು.

ಒಂದು ಕೆಜಿ ಖಂಡಕ್ಕೆ ಬೇಕಾದದ್ದು: ಒಂದು ಕೆಜಿ ಸಣ್ಣ ಉಳ್ಳಾಗಡ್ಡಿ, ಹೆಚ್ಚಲು ಇನ್ನೊಂದು ದೊಡ್ಡದು, ಆರು ಎಸಳು ಬಳ್ಳೊಳ್ಳಿ, ನಾಲ್ಕು ಹಣ್ಣಾದ ಟೊಮೆಟೊ (ಸುಮಾರು 400 ಗ್ರಾಂ), ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್, 250 ಮಿ.ಲೀ. ಕೆಂಪು ವೈನ್ ಇಲ್ಲವೆ ಮುಂದೆ ಹೇಳುವ ಬದಲಿ, ಎರಡು ದೊಡ್ಡ ಚಮಚ ವಿನೆಗರ್, ಐದು ಸೆಂ.ಮೀ. ದಾಲ್ಚಿನ್ನಿ, ನಾಲ್ಕು ಲವಂಗ, ಹತ್ತು ಕರಿಮೆಣಸು, ಎರಡು ಬೇ ಎಲೆ, ನಾಲ್ಕು ದೊಡ್ಡ ಚಮಚ ಎಣ್ಣೆ. ಬೇ ಎಲೆ ಎಂದರೆ ನಮ್ಮ ಪಲಾವ್ ಎಲೆಯಲ್ಲ. ಪಲಾವ್ ಎಲೆ ದಾಲ್ಚಿನ್ನಿ ಗಿಡದ ಬಳಗದ್ದು, ದಾಲ್ಚಿನ್ನಿಯದೇ ವಾಸನೆ. ಅದನ್ನೇ ಹಾಕುವುದಾದರೆ ಒಂದು ಎಲೆ ಸಾಕು, ದಾಲ್ಚಿನ್ನಿಯನ್ನೂ ಅರ್ಧಕ್ಕೆ ಇಳಿಸಿ.

ಮೊದಲು ಖಂಡ ಕೆಂಪಾಗಿಸುವುದು. ಫ್ರಿಜ್ಜಿನಿಂದ ತೆಗೆದು ಅರ್ಧ ತಾಸು ಬಿಟ್ಟು, ಒಣ ಅರಿವೆಯಿಂದ ಪ್ರತಿ ತುಂಡನ್ನೂ ಒರೆಸಿ. ಮೇಲಿನ ತೇವ ಆರುವ ತನಕ ಮೇಲ್ಮೈ 100 ಡಿಗ್ರಿ ದಾಟದು, ಕಂದು ಬಣ್ಣ ಮತ್ತು ಆ ಹುರಿದ ಪರಿಮಳ ಬರಲು 140 ಡಿಗ್ರಿಯಾದರೂ ಬೇಕು. ಶೇಂಗಾ ಎಣ್ಣೆ ಚೆನ್ನಾಗಿ ಕಾಯಿಸಿ, ಒಂದು ಸಲಕ್ಕೆ ಕಾಲು ಕೆಜಿಗಿಂತ ಹೆಚ್ಚು ಹಾಕಬೇಡಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಪಾತ್ರೆ ತಣ್ಣಗಾಗಿ ಖಂಡ ನೀರು ಬಿಡುತ್ತದೆ, ಆಮೇಲೆ ನಡೆಯುವುದು ಬೇಯುವುದೇ ಹೊರತು ಹುರಿಯುವುದಲ್ಲ. ತುಂಡನ್ನು ಇಟ್ಟ ಮೇಲೆ ಮೂರು–ನಾಲ್ಕು ನಿಮಿಷ ಮುಟ್ಟಬೇಡಿ. ಕೆಂಪಾದಾಗ ಅದೇ ತಳ ಬಿಡುತ್ತದೆ. ಎರಡು ಮಗ್ಗುಲು ಸಾಕು, ಆರೂ ಮಗ್ಗುಲು ಹುರಿಯುತ್ತ ಕೂತರೆ ಹೊರಪದರ ಗಟ್ಟಿಯಾಗುತ್ತದೆ.

ತಳದಲ್ಲಿ ಹತ್ತಿದ ಕಂದು ಪದರವೇ ರಸದ ಅರ್ಧ ರುಚಿ. ಅದು ಬೆಲ್ಲದ ಬಣ್ಣದಲ್ಲಿದ್ದರೆ ಹಾಗೇ ಬಿಡಿ. ಕಪ್ಪಾಗಿ ಕಹಿ ವಾಸನೆ ಬಂದರೆ ಮನಸ್ಸು ಗಟ್ಟಿಮಾಡಿ ತೊಳೆದು, ಹೊಸ ಎಣ್ಣೆ ಹಾಕಿ. ನಾಲ್ಕು ತಾಸು ಬೇಯುವ ಅಡಿಗೆಯಲ್ಲಿ ಆ ಕಹಿ ಎಲ್ಲಿಗೂ ಹೋಗುವುದಿಲ್ಲ.

ಖಂಡ ತೆಗೆದಿಟ್ಟು ಅದೇ ಎಣ್ಣೆಗೆ ಹೆಚ್ಚಿದ ಉಳ್ಳಾಗಡ್ಡಿ, ಚಿಟಿಕೆ ಉಪ್ಪು. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ. ಉಳ್ಳಾಗಡ್ಡಿಯ ನೀರಿಗೇ ತಳದ ಪದರ ಬಿಡತೊಡಗುತ್ತದೆ. ಬಳ್ಳೊಳ್ಳಿ ಒಂದು ನಿಮಿಷ, ಟೊಮೆಟೊ ಪೇಸ್ಟ್ ಎರಡು ನಿಮಿಷ, ಪೇಸ್ಟ್ ಇಟ್ಟಿಗೆ ಬಣ್ಣಕ್ಕೆ ತಿರುಗಬೇಕು. ವೈನ್ ಸುರಿದು ಕಟ್ಟಿಗೆಯ ಸೌಟಿನಿಂದ ತಳ ಕೆರೆದು, ಅರ್ಧಕ್ಕೆ ಇಂಗಿಸಿ. ಟೊಮೆಟೊವನ್ನು ಗ್ರೀಸಿನವರಂತೆ ಅಡ್ಡ ಕೊಯ್ದು ಕಿಸಣಿಗೆ ಉಜ್ಜಿ: ತಿರುಳು ಕೆಳಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಖಂಡ, ಎಲುವು, ವಿನೆಗರ್, ಮಸಾಲೆ ಎಲ್ಲ ಸೇರಿಸಿ, ಖಂಡದ ಮುಕ್ಕಾಲು ಮುಳುಗುವಷ್ಟು ಮಾತ್ರ ಬಿಸಿನೀರು ಹಾಕಿ. ಪೂರ್ತಿ ಮುಳುಗಿಸಿದರೆ ಅದು ಸಾರು. ಖಂಡವೇ ಇನ್ನಷ್ಟು ನೀರು ಬಿಡುತ್ತದೆ.

ಒಂದು ಕುದಿ ಬಂದ ಕೂಡಲೇ ಉರಿ ಇಳಿಸಿ, ಮುಚ್ಚಳವನ್ನು ಕೂದಲೆಳೆಯಷ್ಟು ಓರೆ ಇಡಿ. ಎರಡೂವರೆ ತಾಸು ಹೀಗೇ. ನಡುವೆ ಅರ್ಧ ತಾಸಿಗೊಮ್ಮೆ ತಳ ನೋಡಿದರೆ ಸಾಕು, ತಿರುವುತ್ತ ಇರಬೇಕಾಗಿಲ್ಲ. ಈ ನಡುವೆ ಸಣ್ಣ ಉಳ್ಳಾಗಡ್ಡಿಗೆ ಕುದಿನೀರು ಸುರಿದು ಎರಡು ನಿಮಿಷ ಬಿಟ್ಟರೆ ಸಿಪ್ಪೆ ಕೈಯಲ್ಲೇ ಜಾರುತ್ತದೆ. ಬೇರಿನ ಕಡೆ ಕೊಯ್ಯದೆ ಬರೀ ಕೆತ್ತಿ, ಇಲ್ಲದಿದ್ದರೆ ಪದರ ಬಿಡುತ್ತವೆ. ಸ್ವಲ್ಪ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಖಂಡ ಮುಕ್ಕಾಲು ಬೆಂದ ಮೇಲೆ ಸೇರಿಸಿ ಇನ್ನೂ ಒಂದು ತಾಸು ಬೇಯಿಸಿ.

ಇಷ್ಟು ಹೊತ್ತು ಬೆಂದರೂ ಉಳ್ಳಾಗಡ್ಡಿ ಕರಗದಿರಲು ಕಾರಣ ಹುಳಿ. ತರಕಾರಿಯ ಗೋಡೆ ಕಟ್ಟುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ಸ್ಟಿಫಾಡೊದಲ್ಲಿ ಇದು ನೆರವು. ಬಟಾಟಿ, ಗಜ್ಜರಿ ಹಾಕುವ ಸ್ಟ್ಯೂನಲ್ಲಿ ಇದೇ ಗುಣ ಕಾಟ: ಟೊಮೆಟೊ ರಸದಲ್ಲಿ ಬಟಾಟಿ ಒಂದು ತಾಸಾದರೂ ಕಚ್ಚಿದರೆ ಕರಕ್ ಅನ್ನುತ್ತದೆ. ಬಟಾಟಿಯನ್ನು ಬೇರೆಯಾಗಿ ಮುಕ್ಕಾಲು ಬೇಯಿಸಿ ಕೊನೆಗೆ ಹಾಕುವುದೇ ಉಪಾಯ. ಕಡಲೆಕಾಳು ಹಾಕುವುದಾದರೆ ಪೂರ್ತಿ ಬೇಯಿಸಿದ್ದನ್ನೇ ಹಾಕಿ.

ಆಯಿತೋ ಇಲ್ಲವೋ ನೋಡಲು ಚಮಚದ ಅಂಚಿನಿಂದ ತುಂಡನ್ನು ಒತ್ತಿ. ಹೆಚ್ಚು ಬಲ ಹಾಕದೆ ಎರಡಾಗಬೇಕು. ಒತ್ತಿದಾಗ ಚಿಮ್ಮಿ ಜಾರಿದರೆ ಇನ್ನೂ ಅರ್ಧ ತಾಸು. ಒಂದೇ ತುಂಡು ನೋಡಿ ತೀರ್ಮಾನಿಸಬೇಡಿ, ಬೇರೆ ಬೇರೆ ಜಾಗದ ಮೂರು ತುಂಡು ನೋಡಿ.

ಕೊನೆಯ ಹತ್ತು ನಿಮಿಷ ಮುಚ್ಚಳ ತೆಗೆದು ರಸ ಇಂಗಿಸಿ. ಉಪ್ಪು ಈಗ ನೋಡಿ, ಮೊದಲಲ್ಲ. ರಸ ಅರ್ಧಕ್ಕೆ ಇಳಿದರೆ ಉಪ್ಪು ದುಪ್ಪಟ್ಟಾಗುತ್ತದೆ. ಒಲೆ ಆರಿಸಿದ ಮೇಲೆ ಒಂದು ದೊಡ್ಡ ಚಮಚ ಆಲಿವ್ ಎಣ್ಣೆ. ದುಬಾರಿ ಆಲಿವ್ ಎಣ್ಣೆಯನ್ನು ಮೊದಲೇ ಕಾಯಿಸಿ ಅದರ ವಾಸನೆ ಕಳೆಯುವುದು ಹಣವನ್ನು ಒಲೆಗೆ ಹಾಕಿದಂತೆ.

ವೈನ್ ಬಗ್ಗೆ

‘ಕುದಿಸಿದರೆ ಆಲ್ಕೋಹಾಲ್ ಪೂರ್ತಿ ಹಾರಿಹೋಗುತ್ತದೆ’ ಎನ್ನುವುದು ಸರಿಯಲ್ಲ. ಎರಡೂವರೆ ತಾಸು ಬೆಂದ ಮೇಲೂ ಹಾಕಿದ್ದರಲ್ಲಿ ಸುಮಾರು ನೂರಕ್ಕೆ ಐದು ಭಾಗ ಉಳಿಯುತ್ತದೆ. ಧರ್ಮದ ಕಾರಣಕ್ಕೋ ಆರೋಗ್ಯದ ಕಾರಣಕ್ಕೋ ಮದ್ಯ ಮುಟ್ಟದವರ ಮನೆಗೆ, ಅಂಥ ಅತಿಥಿಗಳಿಗೆ ಬಡಿಸುವಾಗ ಇದು ತಿಳಿದಿರಬೇಕು. ಅವರಿಗೆ ಹೇಳದೆ ಬಡಿಸಬಾರದು.

ವೈನ್ ಸ್ಟ್ಯೂಗೆ ಕೊಡುವುದು ಮುಖ್ಯವಾಗಿ ಮೂರು: ಹುಳಿ, ಸ್ವಲ್ಪ ಒಗರು, ಹಣ್ಣಿನ ಪರಿಮಳ. ಈ ಮೂರೂ ದಾಳಿಂಬೆಯಲ್ಲಿವೆ, ದಾಳಿಂಬೆ ನಮ್ಮ ಬಾಗಲಕೋಟೆ, ವಿಜಯಪುರದ ತೋಟಗಳಲ್ಲೇ ಇದೆ. ನಮ್ಮಲ್ಲಿ ಬೆಳೆಯುವ ಭಗವಾ ತಳಿ ಸಿಹಿ ಹೆಚ್ಚು, ಹುಳಿ ಕಡಿಮೆ. ಹಾಗಾಗಿ 175 ಮಿ.ಲೀ. ತಾಜಾ ರಸಕ್ಕೆ 50 ಮಿ.ಲೀ. ನೀರು, ಒಂದೂವರೆ ದೊಡ್ಡ ಚಮಚ ವಿನೆಗರ್ ಬೆರೆಸಿದರೆ 250 ಮಿ.ಲೀ. ವೈನಿನ ಜಾಗ ತುಂಬುತ್ತದೆ. ರೆಸಿಪಿಯಲ್ಲಿರುವ ಎರಡು ಚಮಚ ವಿನೆಗರ್ ಅನ್ನು ಆಗ ಒಂದಕ್ಕೆ ಇಳಿಸಿ. ಕಾಳುಗಳನ್ನು ಅರಿವೆಯಲ್ಲಿ ಕಟ್ಟಿ ಹಿಂಡಿ. ಮಿಕ್ಸರ್‌ನಲ್ಲಿ ನುಣ್ಣಗೆ ತಿರುವಿದರೆ ಬೀಜ ಒಡೆದು ಕಹಿ ಬಿಡುತ್ತದೆ. ಡಬ್ಬಿಯ ಸಕ್ಕರೆ ಬೆರೆತ ರಸ ಬೇಡ.

ಇಂಡಿ ನಿಂಬೆಯ ಹುಳಿ ಹಾಕುವುದಾದರೆ ಒಲೆ ಆರಿಸಿದ ಮೇಲೆ ಹಿಂಡಿ. ತಾಸುಗಟ್ಟಲೆ ಕುದಿದ ನಿಂಬೆ ರಸದಲ್ಲಿ ಪರಿಮಳ ಉಳಿಯದು, ಕಹಿ ಮಾತ್ರ ಉಳಿಯುತ್ತದೆ.

ಕುಕ್ಕರ್ ಬಳಸಬಹುದೇ

ಬಳಸಬಹುದು. ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ, ಕೊಲಾಜೆನ್ ಬಹಳ ವೇಗವಾಗಿ ಕರಗುತ್ತದೆ. ಆದರೆ ಮೆತ್ತಗಿರುವುದಕ್ಕೂ ಪುಡಿಯಾಗುವುದಕ್ಕೂ ನಡುವಿನ ಅಂತರ ಹತ್ತು ನಿಮಿಷ ಮಾತ್ರ, ಮುಚ್ಚಳ ತೆಗೆದು ನೋಡುವಂತಿಲ್ಲ. ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಿ. ಹುರಿಯುವ, ವೈನ್ ಇಂಗಿಸುವ ಹಂತಗಳು ಹಾಗೇ ಇರಲಿ. ಕುಕ್ಕರ್‌ನಿಂದ ಹಬೆ ಹೋಗುವುದು ಕಡಿಮೆಯಾದ್ದರಿಂದ ನೀರು 250 ಮಿ.ಲೀ. ಸಾಕು. ಮೊದಲ ಸೀಟಿಯ ನಂತರ ಉರಿ ತೀರ ಸಣ್ಣ ಮಾಡಿ 40 ನಿಮಿಷ. ಸೀಟಿ ಎಣಿಸಬೇಡಿ, ಸೀಟಿಯ ಲೆಕ್ಕ ಒಲೆಗೊಂದು, ಕುಕ್ಕರಿಗೊಂದು. ಹಬೆ ತಾನಾಗಿ ಇಳಿಯಲಿ. ವೇಟ್ ಎತ್ತಿ ಹಬೆ ಬಿಟ್ಟರೆ ಒಳಗೆ ರಸ ಒಮ್ಮೆಲೇ ಉಕ್ಕಿ ಕುದಿದು ಖಂಡದ ಎಳೆಗಳು ಹರಿಯುತ್ತವೆ. ತೆರೆದು ನೋಡಿ, ಗಟ್ಟಿ ಇದ್ದರೆ ಇನ್ನು ಹತ್ತು ನಿಮಿಷ. ಆಮೇಲೆ ಸಣ್ಣ ಉಳ್ಳಾಗಡ್ಡಿ ಹಾಕಿ ತೆರೆದ ಪಾತ್ರೆಯಲ್ಲೇ ಮುಕ್ಕಾಲು ತಾಸು. ಈ ತೆರೆದ ಮುಕ್ಕಾಲು ತಾಸನ್ನು ಬಿಟ್ಟರೆ ರುಚಿ ಬೆರೆಯದು, ಖಂಡ ಬೇರೆ ರಸ ಬೇರೆ ಎಂಬಂತಿರುತ್ತದೆ. ಬಲಿತ ಕುರಿಯ ಖಂಡಕ್ಕೆ ಕುಕ್ಕರ್‌ನಲ್ಲಿ 20 ನಿಮಿಷ ಸಾಕು.

ಎಲ್ಲಿ ತಪ್ಪುತ್ತದೆ

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಮಸಾಲೆಯದ್ದು. ಕೈ ತಾನಾಗಿ ಮಸಾಲಿ ಖಾರದ ಡಬ್ಬಿಗೆ ಹೋಗುತ್ತದೆ, ಹಸಿಶುಂಠಿ–ಬಳ್ಳೊಳ್ಳಿ ಪೇಸ್ಟ್ ಬೀಳುತ್ತದೆ, ಒಣಕೊಬ್ಬರಿ ಸುಟ್ಟು ಅರೆಯುವ ಆಸೆಯಾಗುತ್ತದೆ. ಅದೆಲ್ಲ ಸೇರಿದರೆ ಸೊಗಸಾದ ಖಂಡದ ಸಾರು ಆಗುತ್ತದೆ, ಸ್ಟಿಫಾಡೊ ಆಗುವುದಿಲ್ಲ. ಇಲ್ಲಿ ಮುಂದೆ ಇರಬೇಕಾದದ್ದು ಖಂಡದ, ಉಳ್ಳಾಗಡ್ಡಿಯ ರುಚಿ. ಮಸಾಲೆ ಹಿಂದೆ ನಿಂತಿರಬೇಕು. ಸ್ಪೇನಿನ ಸ್ಟ್ಯೂಗಳಲ್ಲಿ ಬರುವ ಪಾಪ್ರಿಕಾಕ್ಕೆ ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು ಪುಡಿಮಾಡಿದ್ದು ಚೆನ್ನಾಗಿ ಹೊಂದುತ್ತದೆ, ಬಣ್ಣ ಹೆಚ್ಚು, ಖಾರ ಕಡಿಮೆ. ಸಂಕೇಶ್ವರಿ ಮೆಣಸಿನಕಾಯಿ ಇದಕ್ಕೆ ಬೇಡ, ಅದರ ಖಾರ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಥೈಮ್ ಸೊಪ್ಪು ಸಿಗದಿದ್ದರೆ ಕಾಲು ಚಹಾ ಚಮಚ ಅಜವಾನ ಕುಟ್ಟಿ ಹಾಕಿ. ಎರಡರ ವಾಸನೆಯ ಮೂಲವೂ ಥೈಮಾಲ್ ಎಂಬ ಒಂದೇ ವಸ್ತು. ಅಳತೆ ಮೀರಿದರೆ ಮಾತ್ರ ಹೊಟ್ಟೆನೋವಿನ ಔಷಧದ ನೆನಪು ಬರುತ್ತದೆ.

ರಸ ನೀರಾಗಿದ್ದರೆ ಮೈದಾ ಕಲಸಿ ಹಾಕಬೇಡಿ. ಖಂಡ, ಉಳ್ಳಾಗಡ್ಡಿಗಳನ್ನು ಝಾರಿಯಿಂದ ತೆಗೆದಿಟ್ಟು ರಸವನ್ನಷ್ಟೇ ದೊಡ್ಡ ಉರಿಯಲ್ಲಿ ಇಂಗಿಸಿ. ಇದಕ್ಕಿಂತ ಚೆಂದದ ಉಪಾಯ ಸ್ಪೇನಿನ ಕಾತಲೋನ್ಯದ ಪಿಕಾದಾ: ಹತ್ತು ಹುರಿದ ಬಾದಾಮಿ, ಒಂದು ಎಸಳು ಬಳ್ಳೊಳ್ಳಿ, ಎಣ್ಣೆಯಲ್ಲಿ ಹುರಿದ ಒಂದು ತುಂಡು ಹಳೆ ಬ್ರೆಡ್, ಇವನ್ನು ಕಲ್ಲಿನಲ್ಲಿ ಕುಟ್ಟಿ, ರಸದಲ್ಲಿ ಸಡಿಲಿಸಿ, ಕೊನೆಯ ಹತ್ತು ನಿಮಿಷಕ್ಕೆ ಬೆರೆಸುವುದು. ಶೇಂಗಾ ಚಟ್ನಿ ಕುಟ್ಟಿ ಗೊತ್ತಿರುವ ಕೈಗೆ ಇದು ಹೊಸ ಕೆಲಸವೇನಲ್ಲ.

ಹುಳಿ ಹೆಚ್ಚಾದರೆ ಸಣ್ಣ ಅಡಕೆಯಷ್ಟು ಬೆಲ್ಲ ಸಾಕು, ಸೋಡಾ ಎಂದೂ ಬೇಡ. ರಸ ಸಪ್ಪೆ ಅನಿಸಿದಾಗ ಉಪ್ಪು ಸುರಿಯುವ ಮೊದಲು ಅರ್ಧ ಚಮಚ ವಿನೆಗರ್ ಹಾಕಿ ನೋಡಿ. ಬಹಳ ಸಲ ಕೊರತೆ ಇರುವುದು ಹುಳಿಯದ್ದು.

ಇದೇ ದಾರಿಯಲ್ಲಿ ಬೇರೆ ಅಡಿಗೆಗಳು

ಪೆಪೋಸೊ ಇಟಲಿಯ ಫ್ಲಾರೆನ್ಸ್ ಹತ್ತಿರದ ಇಂಪ್ರುನೇಟಾ ಊರಿನದ್ದು. ಅಲ್ಲಿ ಹೆಂಚಿನ ಭಟ್ಟಿಯ ಕೆಲಸಗಾರರು ಮಣ್ಣಿನ ಪಾತ್ರೆಯಲ್ಲಿ ಖಂಡ ತುಂಬಿ ಭಟ್ಟಿಯ ಬಾಯಿಯ ಬಳಿ ಇಟ್ಟು ಬೇಯಿಸುತ್ತಿದ್ದ ಅಡಿಗೆ. ಇದರಲ್ಲಿ ಹುರಿಯುವುದೂ ಇಲ್ಲ, ಉಳ್ಳಾಗಡ್ಡಿಯೂ ಇಲ್ಲ. ಒಂದು ಕೆಜಿ ನಳ್ಳಿ ಖಂಡ, ಹದಿನೈದು ಎಸಳು ಬಳ್ಳೊಳ್ಳಿ, ಒಂದು ದೊಡ್ಡ ಚಮಚ ಜಜ್ಜಿದ ಕರಿಮೆಣಸು, ಉಪ್ಪು, ಒಂದು ಬಾಟಲಿ ಕೆಂಪು ವೈನ್. ಎಲ್ಲ ಒಟ್ಟಿಗೆ ಹಾಕಿ ನಾಲ್ಕೈದು ತಾಸು. ಇದು ವೈನಿನ ಮೇಲೇ ನಿಂತ ಅಡಿಗೆ, ದಾಳಿಂಬೆ ರಸದಲ್ಲಿ ಮಾಡಿದರೆ ಸಿಹಿಯಾಗಿ ಹಾಳಾಗುತ್ತದೆ.

ದೋಬ್‌ಗೆ ವೈನಿನ ಜೊತೆ ಒಂದು ಬೆರಳುದ್ದ ಕಿತ್ತಳೆ ಸಿಪ್ಪೆ ಬೀಳುತ್ತದೆ. ಸಿಪ್ಪೆಯ ಒಳಗಿನ ಬಿಳಿ ಪದರ ಕಹಿ, ಅದನ್ನು ಕೆರೆದು ಬಿಸಿಲಿಗೆ ಒಣಗಿಸಿದ ಸಿಪ್ಪೆ ಹಸಿಯದಕ್ಕಿಂತ ಚೆನ್ನ. ಆಲಿವ್ ಕಾಯಿಯನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಕೊನೆಯ ಕಾಲು ತಾಸಿಗೆ ಹಾಕಿ.

ಮೊರೊಕ್ಕೊದ ಸ್ಟ್ಯೂ ತಾಜಿನ್‌ಗೆ ಶುಂಠಿಪುಡಿ, ಅರಿಶಿಣ, ದಾಲ್ಚಿನ್ನಿ, ಕೊತ್ತಂಬರಿ ಸೊಪ್ಪು ಎಲ್ಲ ಸಲ್ಲುತ್ತವೆ. ನಮ್ಮ ನಾಲಿಗೆಗೆ ಇದು ಎಲ್ಲಕ್ಕಿಂತ ಹತ್ತಿರ. ಮೊರೊಕ್ಕೊದವರು ಒಣಗಿಸಿದ ಪ್ಲಮ್ ಹಾಕುವಲ್ಲಿ ವಿಜಯಪುರದ ಒಣದ್ರಾಕ್ಷಿ 60 ಗ್ರಾಂ ಹಾಕಬಹುದು. ಕಪ್ಪು ದ್ರಾಕ್ಷಿ ಇನ್ನೂ ಚೆನ್ನ. ಹಸಿರು ಒಣದ್ರಾಕ್ಷಿಗೆ ಒಣಗಿಸುವಾಗ ಬೇಗ ಒಣಗಲೆಂದು ಅದ್ದುವ ಡಿಪ್ಪಿಂಗ್ ಎಣ್ಣೆಯ ದ್ರಾವಣ, ಬಣ್ಣ ಉಳಿಯಲು ಗಂಧಕದ ಹೊಗೆ ತಾಗಿರುತ್ತದೆ, ಬೆಚ್ಚನೆ ನೀರಲ್ಲಿ ಎರಡು ಸಲ ತೊಳೆದೇ ಬಳಸಿ. ಕೊನೆಯ ಅರ್ಧ ತಾಸಿಗೆ ಹಾಕಿದರೆ ಸಾಕು.

ಮರುದಿನ

ಸ್ಟ್ಯೂ ಮರುದಿನವೇ ಹೆಚ್ಚು ರುಚಿ. ತಣ್ಣಗಾಗುವಾಗ ರಸ ಗಟ್ಟಿಯಾಗಿ ತುಂಡುಗಳ ಸಂದಿಯಲ್ಲಿ ಕೂರುತ್ತದೆ, ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಚಮಚದಿಂದ ಎತ್ತಿ ತೆಗೆಯಬಹುದು. ಆದರೆ ವಿಜಯಪುರದ ಏಪ್ರಿಲ್–ಮೇ ಬಿಸಿಲಲ್ಲಿ, 40 ಡಿಗ್ರಿ ದಾಟುವ ದಿನಗಳಲ್ಲಿ, ‘ಚೆನ್ನಾಗಿ ಕುದಿಸಿದ್ದೇವೆ, ಕೆಡುವುದಿಲ್ಲ’ ಎಂದು ರಾತ್ರಿಯಿಡೀ ಒಲೆಯ ಮೇಲೆ ಬಿಡುವುದು ಅಪಾಯ. ಕುದಿಗೆ ಸಾಯದ ಕೆಲವು ರೋಗಾಣುಗಳ ಬೀಜಾಣುಗಳು ಬೆಚ್ಚಗಿನ ಖಂಡದ ರಸದಲ್ಲಿ ಮತ್ತೆ ಚಿಗುರುತ್ತವೆ. ದಪ್ಪ ಪಾತ್ರೆ ತಾನಾಗಿ ತಣಿಯಲು ನಾಲ್ಕೈದು ತಾಸು ಬೇಕು. ಅಗಲವಾದ ಎರಡು ತಾಟುಗಳಿಗೆ ಬಗ್ಗಿಸಿ, ತಣ್ಣೀರಿನ ಬುಟ್ಟಿಯಲ್ಲಿ ಇಟ್ಟು, ಎರಡು ತಾಸಿನ ಒಳಗೆ ಫ್ರಿಜ್ಜಿಗೆ ಹಾಕಿ. ಮೂರು ದಿನ ಇರುತ್ತದೆ. ಬಿಸಿ ಮಾಡುವಾಗ ಬೇಕಾದಷ್ಟನ್ನೇ ತೆಗೆದು, ಸಣ್ಣ ಉರಿಯಲ್ಲಿ ಕರಗಿಸಿ, ಒಂದು ಕುದಿ ಬರಿಸಿ. ಇಡೀ ಪಾತ್ರೆಯನ್ನು ದಿನಕ್ಕೆರಡು ಸಲ ಬಿಸಿ ಮಾಡುತ್ತ ಹೋದರೆ ಖಂಡ ಮತ್ತೆ ಎಳೆ ಬಿಡುತ್ತದೆ.

ತಿನ್ನುವುದಕ್ಕೆ ಬ್ರೆಡ್ಡೇ ಬೇಕೆಂದಿಲ್ಲ. ಜವೆ ಗೋಧಿಯ ನುಚ್ಚು ಒಂದು ಪಾಲಿಗೆ ಎರಡು ಪಾಲು ನೀರು, ಉಪ್ಪು, ಸ್ವಲ್ಪ ಎಣ್ಣೆ ಹಾಕಿ ಉದುರಾಗಿ ಬೇಯಿಸಿದರೆ ತಾಜಿನ್ ಜೊತೆ ಕೂಸ್‌ಕೂಸ್ (ಗೋಧಿ ರವೆಯ ಸಣ್ಣ ಕಾಳು) ಬದಲು ಚೆನ್ನಾಗಿ ಹೊಂದುತ್ತದೆ. ಸ್ಟಿಫಾಡೊಗೆ ಬಿಸಿ ಜೋಳದ ರೊಟ್ಟಿ ಸರಿ. ಪೆಪೋಸೊ ತಿನ್ನುವಾಗ ಕಡಕ್ ರೊಟ್ಟಿ ಮುರಿದು ತಾಟಿನ ತಳಕ್ಕೆ ಹಾಸಿ, ಮೇಲೆ ರಸ ಬಿಟ್ಟು ಎರಡು ನಿಮಿಷ ಕಾಯಿರಿ. ಕುದಿಸಿ ಉಳಿದ ನಳ್ಳಿ ಎಲುವನ್ನು ಎಸೆಯಬೇಡಿ: ಒಂದೂವರೆ ಲೀಟರ್ ನೀರಲ್ಲಿ ಇನ್ನೊಂದು ತಾಸು ಕುದಿಸಿ ಸೋಸಿದರೆ ಮುಂದಿನ ಸ್ಟ್ಯೂಗೆ ನೀರಿನ ಬದಲು ಅದೇ ಆಗುತ್ತದೆ.